ಒಂಬತ್ತು ಗಿಳಿಗಳ ಮುಯ್ಯಿ

ಗುರುವಾರ ಬೆಳಗ್ಗೆ ಏಳೂಕಾಲಿಗೆ ರುದ್ರಾಣಿ ನನ್ನ ಮನೆ ಬಾಗಿಲಿಗೆ ಬಂದಾಗ ಅವಳ ಕಂಕುಳಲ್ಲಿ ಮಗಳಿದ್ದಳು, ಕೈಯಲ್ಲಿ ದಿಂಬಿನ ಚೀಲವಿತ್ತು. ಚೀಲದ ಮೇಲೆ ಅಂಗೈ ಅಗಲದ ರಕ್ತದ ಕಲೆ. ಅರ್ಧ ಒಣಗಿತ್ತು, ಅರ್ಧ ಇನ್ನೂ ಹಸಿ.

“ಮಮತಕ್ಕ, ಇದು ಇವಳ ಬಾಯಿಂದ ಬಂದಿದ್ದು. ಮೂರು ದಿನದಿಂದ ಉಗುಳಿದ್ರೆ ಕೆಂಪಗೆ ಬರ್ತಿತ್ತು. ನಾಲಿಗೆ ಕಚ್ಕೊಂಡಿರಬೇಕು ಅಂತ ಸುಮ್ನಿದ್ದೆ. ಇವತ್ತು ನೋಡಿದ್ರೆ ಹಿಂಗೈತೆ.”

ನಾನು ಈ ಊರಿನ ಆಶಾ ಕಾರ್ಯಕರ್ತೆ. ಜಗಳೂರಿನಿಂದ ಒಂಬತ್ತು ಕಿಲೋಮೀಟರ್ ದೂರದ ಊರು ನಮ್ಮದು. ಹೋದ ತಿಂಗಳು ಪಕ್ಕದ ಊರಿನ ಒಂದು ಮಗುವಿಗೆ ಡೆಂಗ್ಯೂ ಆಗಿ, ಆಂಬುಲೆನ್ಸ್‌ನಲ್ಲಿ ಅದರ ತಾಯಿಯ ಪಕ್ಕ ದಾವಣಗೆರೆಯವರೆಗೆ ಕೂತು ಹೋದವಳು ನಾನೇ. ಆ ಮಗುವಿಗೂ ವಸಡಿನಿಂದ ರಕ್ತ ಬಂದಿತ್ತು. ಮಗು ಉಳಿಯಿತು ನಿಜ, ಆದರೆ ಆ ಆರು ದಿನ ಯಾರಿಗೂ ಬೇಡ. ರುದ್ರಾಣಿಯ ಮಗಳು ಚೈತ್ರಾಳ ಹಣೆ ಮುಟ್ಟಿದೆ. ತಣ್ಣಗಿತ್ತು. ಜ್ವರವಿಲ್ಲ ಎಂದು ಸಮಾಧಾನ ಪಡಬೇಕಿತ್ತು, ನನಗೆ ಇನ್ನೂ ಹೆದರಿಕೆಯಾಯಿತು. ಜ್ವರವೂ ಇಲ್ಲದೆ ಮಗುವಿನ ವಸಡು ರಕ್ತ ಸುರಿಸಿದರೆ ಏನೇನಿರಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಹೆಸರುಗಳನ್ನು ನಾನು ರುದ್ರಾಣಿಗೆ ಹೇಳಲಿಲ್ಲ.

“ಬಟ್ಟೆ ಚೀಲ ತಗೊಂಬಾ. ಆಟೊ ಕರೀತೀನಿ,” ಎಂದೆ.

ಆಟೊ ಹೊರಡುವ ಹೊತ್ತಿಗೆ ದುರುಗಕ್ಕ ಬೀದಿಗೆ ಅಡ್ಡ ನಿಂತಿದ್ದಳು. ಅಂಗನವಾಡಿಯ ಬೀಗದ ಕೈಯನ್ನು ಸಹಾಯಕಿಯ ಕೈಗೆ ಕೊಟ್ಟು, ಒಂದು ಮಾತೂ ಕೇಳದೆ ನನ್ನ ಪಕ್ಕ ಒತ್ತಿಕೊಂಡು ಕೂತಳು.

ಈ ದುರುಗಕ್ಕನ ಬಗ್ಗೆ ಹೇಳಲೇಬೇಕು, ಈ ಕತೆಯೇ ಅವಳದು. ಇಪ್ಪತ್ತೆರಡು ವರ್ಷದಿಂದ ನಮ್ಮೂರ ಅಂಗನವಾಡಿ ಟೀಚರ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತೂಕ ಹಾಕುವ ದಿನ ಮಗುವನ್ನು ಕರೆತರದ ತಾಯಿಯ ಮನೆಗೆ ತಕ್ಕಡಿಯನ್ನೇ ಹೊತ್ತುಕೊಂಡು ಹೋದವಳು. ನನಗೂ ಅವಳಿಗೂ ವಾರಕ್ಕೆರಡು ಜಗಳ ಗ್ಯಾರಂಟಿ. ಚುಚ್ಚುಮದ್ದಿನ ದಿನ ಮಕ್ಕಳನ್ನು ಕೂರಿಸುವ ಚಾಪೆಗೂ ಜಗಳ ಆಡಿದ್ದೇವೆ. ಆದರೂ ಅವಳು ಊರಲ್ಲಿಲ್ಲದ ದಿನ ನನಗೆ ಕೆಲಸ ಸಾಗುವುದಿಲ್ಲ. ಇನ್ನೊಂದು ವಿಷಯ. ಅವಳು ನಕ್ಕರೂ, ಮಾತಾಡಿದರೂ ಸೆರಗಿನ ತುದಿ ಬಾಯಿಯ ಮೇಲಿರುತ್ತದೆ. ನಾಚಿಕೆಯ ಹೆಂಗಸು ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಹದಿನಾರನೇ ವಯಸ್ಸಿನಿಂದ ಹಲ್ಲಿಗೆ ನಶ್ಯ ತಿಕ್ಕಿ ತಿಕ್ಕಿ ಅವಳ ಹಲ್ಲು ಕಪ್ಪಾಗಿವೆ. ಅದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತುವುದಿಲ್ಲ.

ಅಂಥವಳ ಕೈಗೆ ಶ್ರಾವಣದಲ್ಲಿ ಒಂದು ಸಂಸ್ಥೆಯವರು ಮಕ್ಕಳ ಹಲ್ಲುಜ್ಜುವ ಆ್ಯಪ್ ಕೊಟ್ಟುಹೋದರು. ಅದರಲ್ಲಿ ಒಂದೊಂದು ಮಗುವಿಗೆ ಒಂದೊಂದು ಬಣ್ಣದ ಗಿಳಿ. ಮಗು ಫೋನಿನ ಮುಂದೆ ನಿಂತು ಎರಡು ನಿಮಿಷ ಹಲ್ಲುಜ್ಜಿದರೆ ಗಿಳಿ ಪ್ಯಾರಲ ಹಣ್ಣು ತಿಂದು ಕುಣಿಯುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಉಜ್ಜದಿದ್ದರೆ ರೆಕ್ಕೆ ಇಳಿಬಿಟ್ಟು ಅಳುತ್ತದೆ. ದಿನದ ಲೆಕ್ಕ ಹಸಿರು ಚುಕ್ಕಿಗಳಾಗಿ ದುರುಗಕ್ಕನ ಫೋನಿಗೂ ಬರುತ್ತದೆ, ಸಂಸ್ಥೆಯವರಿಗೂ ಹೋಗುತ್ತದೆ.

ನಮ್ಮೂರಲ್ಲಿ ಫೋನ್ ಇಲ್ಲದ ಮನೆಯಿಲ್ಲ. ಆದರೆ ಮಕ್ಕಳು ಏಳುವ ಹೊತ್ತಿಗೆ ಮನೆಯಲ್ಲಿರುವ ಫೋನ್ ರುದ್ರಾಣಿಯ ಕೇರಿಯಲ್ಲಿ ಒಂದೇ, ಅವಳದು. ಉಳಿದವೆಲ್ಲ ಗಂಡಸರ ಜೇಬಿನಲ್ಲಿ ಹೊಲಕ್ಕೋ ಜಗಳೂರಿಗೋ ಹೋಗಿರುತ್ತವೆ. ರುದ್ರಾಣಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುವವಳು. ಗಂಡ ಪರಶುರಾಮ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದ ಕಡೆ ತಿರುಗುತ್ತಾನೆ. ಹಾಗಾಗಿ ಕೇರಿಯ ಒಂಬತ್ತು ಮಕ್ಕಳ ಒಂಬತ್ತು ಗಿಳಿಗಳನ್ನೂ ದುರುಗಕ್ಕ ರುದ್ರಾಣಿಯ ಫೋನಿಗೇ ಹಾಕಿಸಿದಳು. ಬೆಳಗಾದರೆ ಮಕ್ಕಳೆಲ್ಲ ಬ್ರಷ್ ಹಿಡಿದು ಅವಳ ಮನೆ ಕಟ್ಟೆಯ ಮುಂದೆ ಸಾಲು. ಅವರಲ್ಲಿ ದೊಡ್ಡವಳು ಚೈತ್ರಾ. ಐದೂವರೆ ವರ್ಷ. ಅವಳನ್ನೇ ಲೀಡರ್ ಮಾಡಿದಳು ದುರುಗಕ್ಕ. “ಒಂದು ಗಿಳಿನೂ ಅಳಬಾರದು. ನಿನ್ನ ಜವಾಬ್ದಾರಿ,” ಎಂದು ಎಲ್ಲರ ಎದುರು ಹೇಳಿದ್ದನ್ನು ನಾನೂ ಕೇಳಿದ್ದೇನೆ.

ಐವತ್ತೆರಡು ದಿನಗಳಲ್ಲಿ ಒಂದೇ ಒಂದು ದಿನ ಬಿಟ್ಟರೆ ಎಲ್ಲವೂ ಹಸಿರು. ತಾಲ್ಲೂಕಿನಲ್ಲಿ ಇನ್ನಾವ ಅಂಗನವಾಡಿಗೂ ಅಷ್ಟು ಹಸಿರು ಬಂದಿರಲಿಲ್ಲ. ಶನಿವಾರ ಸಂಸ್ಥೆಯವರು ಬಂದು ಅವಳಿಗೆ ಶಾಲು ಹೊದಿಸಿ ವಿಡಿಯೊ ಮಾಡುವವರಿದ್ದರು. ಅವಳು ಆ ಸುದ್ದಿಯನ್ನು ನನಗೆ ನಾಲ್ಕು ಸಲ ಹೇಳಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚ್ ಹಾಕಿ ಮಗುವಿನ ಬಾಯಿ ನೋಡಿದರು. ವಸಡು ಊದಿಕೊಂಡು ಕೆಂಪಗಿತ್ತು, ಹತ್ತಿ ತಾಗಿಸಿದ ಕಡೆಯೆಲ್ಲ ರಕ್ತ. “ಹಲ್ಲಿನ ಡಾಕ್ಟರಿಗೆ ತೋರಿಸ್ತೀರಾ ಮೊದಲು?” ಎಂದು ಅವರು ಚೀಟಿಗೆ ಕೈ ಹಾಕಿದರು.

ದುರುಗಕ್ಕ ಸುಮ್ಮನಿರಬೇಕಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ಮುಂದೆ ಬಂದಳು. “ಹಲ್ಲಿಂದೇನೂ ತೊಂದ್ರೆ ಇಲ್ಲ ಮೇಡಂ. ದಿನಕ್ಕೆ ಎರಡು ಸಲ ಉಜ್ಜುತಾಳೆ. ಐವತ್ತೆರಡು ದಿನದಾಗೆ ಒಂದು ಸಲನೂ ತಪ್ಪಿಸಿಲ್ಲ. ಬೇಕಾದ್ರೆ ನೋಡ್ರಿ, ಫೋನ್‌ನಾಗೆ ಎಲ್ಲಾ ಐತೆ.”

ಡಾಕ್ಟರಮ್ಮ ಫೋನ್ ನೋಡಿದರು. ಹಸಿರು ಚುಕ್ಕಿಗಳನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. ಮತ್ತೆ ಮಗುವಿನ ಬಾಯಿ ನೋಡಿದರು. ಅವರ ಮುಖ ಬದಲಾದದ್ದು ನನಗೆ ಕಂಡಿತು.

“ಇಷ್ಟು ಚೆನ್ನಾಗಿ ಉಜ್ಜೋ ಮಗುವಿಗೆ ವಸಡು ಹೀಗಾಗಬಾರದು,” ಎಂದರು. ಹಲ್ಲಿನ ಡಾಕ್ಟರ ಚೀಟಿ ಪಕ್ಕಕ್ಕಿಟ್ಟು ರಕ್ತಪರೀಕ್ಷೆ ಬರೆದರು. ಬರೆಯುತ್ತಲೇ, ತಲೆ ಎತ್ತದೆ, “ವರದಿ ನೋಡಿಕೊಂಡು ಇವತ್ತೇ ದಾವಣಗೆರೆಗೆ ಕಳಿಸಬೇಕಾಗಬಹುದು. ಮನೆಯವರಿಗೆ ತಿಳಿಸಿ,” ಎಂದರು.

ರುದ್ರಾಣಿ ಗಂಡನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ದನಿ. ಮತ್ತೆ ಮಾಡಿದಳು. ಮತ್ತೆ ಅದೇ. ಏಳನೇ ಸಲಕ್ಕೆ ಫೋನನ್ನು ದುರುಗಕ್ಕನ ಕೈಗೆ ತುರುಕಿ ಗೋಡೆಗೆ ಒರಗಿ ಕೂತುಬಿಟ್ಟಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಅವಳು ಅಳಲೂ ಇಲ್ಲ. ಮಗಳ ಕೈಗೆ ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿದ್ದಳು, ಅಲ್ಲೂ ರಕ್ತ ನಿಲ್ಲುವುದಿಲ್ಲವೇನೋ ಎಂಬಂತೆ. ಎಷ್ಟೋ ಮಕ್ಕಳನ್ನು ಈ ಬೆಂಚಿನ ಮೇಲೆ ಕೂರಿಸಿದ್ದೇನೆ. ಇವಳು ಹುಟ್ಟಿದ ದಿನ ಹೆರಿಗೆ ಕೋಣೆಯಲ್ಲಿ ಮೊದಲು ಎತ್ತಿಕೊಂಡವಳು ನಾನು.

ವರದಿಗೆ ಒಂದೂವರೆ ಗಂಟೆ ಎಂದಿದ್ದರು. ಅರ್ಧ ಗಂಟೆ ಕಳೆದಿರಬೇಕು, ಫೋನಿನೊಳಗೆ ಗಿಳಿಗಳು ಅಳತೊಡಗಿದವು.

ಚೈತ್ರಾ ತಾಯಿಯ ಮಡಿಲಿನಿಂದ ಇಳಿದಳು. “ಟೀಚರ್, ಫೋನ್ ಕೊಡ್ರಿ. ಬೆಳಗ್ಗೆದು ಮಾಡಿಲ್ಲ.”

“ಇವತ್ತು ಬೇಡ ಕಂದ,” ಎಂದೆ ನಾನು.

“ಅಳ್ತಾವೆ,” ಎಂದಳು. ಬಟ್ಟೆಚೀಲಕ್ಕೆ ಕೈ ಹಾಕಿ ಬ್ರಷ್ ತೆಗೆದಳು. ಅದನ್ನು ಅವಳೇ ಇಟ್ಟುಕೊಂಡು ಬಂದಿದ್ದಳಂತೆ. ಅದರ ಕೂದಲೆಲ್ಲ ಎರಡೂ ಕಡೆ ಮಲಗಿ ಹಳೆ ಪೊರಕೆಯಂತಾಗಿದ್ದವು. ಎರಡು ತಿಂಗಳೂ ತುಂಬದ ಬ್ರಷ್ ಯಾಕೆ ಹೀಗಾಯಿತು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ದುರುಗಕ್ಕನ ಮುಖದಲ್ಲಿ ಆ ಹೊತ್ತಿನಲ್ಲೂ ಒಂದು ಹೆಮ್ಮೆ ಬಂತು. ನನಗೆ ಮೈ ಉರಿಯಿತು. “ಮೆಲ್ಲಗೆ ಉಜ್ಜುತಾಳೆ ಬಿಡು ಮಮತಾ. ಇಷ್ಟು ದಿನ ಮಾಡೈತೆ ಕೂಸು. ಶನಿವಾರದ ತಂಕ ತಪ್ಪೋದು ಬೇಡ,” ಎಂದಳು.

“ನಿನ್ನ ಶನಿವಾರಕ್ಕೆ ಬೆಂಕಿ ಹಾಕ,” ಎಂದೆ. ಜೋರಾಗಿಯೇ ಅಂದೆ, ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಆದರೆ ಅಷ್ಟರಲ್ಲಿ ಅವಳು ಮಗುವಿನ ಕೈ ಹಿಡಿದು ಹೊರಗಿನ ನಲ್ಲಿಯ ಕಡೆ ಹೊರಟಾಗಿತ್ತು. ನಾನೂ ಹಿಂದೆಯೇ ಹೋದೆ.

ದುರುಗಕ್ಕ ಫೋನ್ ಹಿಡಿದಳು. ಚೈತ್ರಾ ಹಳದಿ ಗಿಳಿಯನ್ನು ಒತ್ತಿ ಉಜ್ಜತೊಡಗಿದಳು. ಕಣ್ಣು ಮುಚ್ಚಿಕೊಂಡು ಉಜ್ಜುತ್ತಿದ್ದಳು. ನೋವಿಗೆ ಭುಜ ಮೇಲೆತ್ತಿದ್ದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಎರಡು ನಿಮಿಷ ಮುಗಿಯಿತು, ಗಿಳಿ ಹಣ್ಣು ತಿಂದು ಕುಣಿಯಿತು. ಮಗು ಉಗುಳಿದ್ದು ಕಲ್ಲಿನ ಮೇಲೆ ಕೆಂಪಗೆ ಹರಿಯಿತು.

“ಶಾಣ್ಯಾಳು. ಬಾ ಇನ್ನ,” ಎಂದು ದುರುಗಕ್ಕ ಫೋನ್ ಕೆಳಗಿಳಿಸಿದಳು.

ಚೈತ್ರಾ ಬರಲಿಲ್ಲ. ಬೆರಳು ನೀಡಿ ನೀಲಿ ಗಿಳಿಯನ್ನು ಒತ್ತಿದಳು. ಬ್ರಷ್ಷನ್ನು ಮತ್ತೆ ಬಾಯಿಗಿಟ್ಟಳು.

“ಮುಗೀತಲ್ಲವ್ವ ನಿಂದು.”

“ಇದು ಮಂಜುನಾಥಂದು,” ಎಂದಳು ಚೈತ್ರಾ. ಬಾಯಿ ತುಂಬ ನೊರೆ. “ಆಮೇಲೆ ಮೇಘಶ್ರೀದು. ಇನ್ನೂ ಎಂಟು ಅದಾವೆ.”

ನಾನು ಬಗ್ಗಿ ಮಗುವಿನ ಕೈಯಿಂದ ಬ್ರಷ್ ಕಿತ್ತುಕೊಂಡೆ. “ಅವರದು ನೀನ್ಯಾಕೆ ಉಜ್ಜುತೀಯ? ಅವರು ಬರಲ್ವಾ?”

“ಅವರವ್ವ ಎಲ್ಲಾ ಈರುಳ್ಳಿ ಕೀಳಾಕೆ ಹೋಗ್ತಾರೆ. ಟೆಂಪೊ ಬೇಗ ಬರ್ತೈತೆ, ಕತ್ತಲಾದ ಮೇಲೆ ಬಿಡ್ತೈತೆ. ಅವರು ಬರಲ್ಲ, ಗಿಳಿ ಅಳ್ತಾವೆ.” ಸ್ವಲ್ಪ ಯೋಚಿಸಿ ಹೇಳಿದಳು, “ಅಜ್ಜಿ ಹೇಳೈತೆ, ಇದು ಮುಯ್ಯಿ ಅಂತ. ಈಗ ಅವರದು ನಾನು ಮಾಡಿದ್ರೆ ಆಮೇಲೆ ನಂದು ಅವರು ಮಾಡ್ತಾರೆ.”

ಮುಯ್ಯಿ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿನ್ನ ಹೊಲದ ಕೆಲಸಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ, ಬರದಿದ್ದರೆ ಮುಖ ತೋರಿಸುವಂತಿಲ್ಲ. ಈಗ ಕೇರಿಯ ಹೆಂಗಸರು ಈರುಳ್ಳಿ ಕೀಳುವುದೂ ಹಾಗೆಯೇ. ಆ ಮಗುವಿನ ಅಜ್ಜಿ ಸುಂಕಲಮ್ಮ ಅರವತ್ತು ವರ್ಷ ಮುಯ್ಯಾಳಾಗಿಯೇ ದುಡಿದವಳು. ಮೊಮ್ಮಗಳು ಬೇರೆ ಮಕ್ಕಳ ಪಾಲಿನದನ್ನೂ ಮಾಡುವುದು ಕಂಡು ಅವಳಿಗೆ ಖುಷಿಯಾಗಿರಬೇಕು. ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ರುದ್ರಾಣಿಗೆ ಗಿಳಿಯ ಹಾಡು ಒಂಬತ್ತು ಸಲ ಕೇಳುತ್ತಿತ್ತು. ಒಂಬತ್ತು ಮಕ್ಕಳೂ ಬಂದಿದ್ದಾರೆ ಎಂದುಕೊಂಡಿದ್ದಳು. ಫೋನಿಗೋ, ಬಾಯಿಯಲ್ಲಿ ಬ್ರಷ್ ಆಡಿದರೆ ಸಾಕು, ಯಾರ ಬಾಯಿ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ. ಈರುಳ್ಳಿ ಶುರುವಾಗಿ ಇಪ್ಪತ್ತು ದಿನ. ಆ ಮಗು ಬೆಳಗ್ಗೆ ಹದಿನೆಂಟು ನಿಮಿಷ, ಸಂಜೆ ಹದಿನೆಂಟು ನಿಮಿಷ ಹಲ್ಲುಜ್ಜಿತ್ತು.

ನಾನು ದುರುಗಕ್ಕನ ಕಡೆ ತಿರುಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕು ಎಂದೇ ತಿರುಗಿದ್ದು. ಅವಳು ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು.

“ನನಗೆ ಗೊತ್ತಿತ್ತು ಮಮತಾ,” ಎಂದಳು.

“ಏನು ಗೊತ್ತಿತ್ತು?”

“ಈರುಳ್ಳಿ ಶುರುವಾದ ಮೊದಲನೇ ದಿನ ಮೂರು ಗಿಳಿ ಅತ್ತಿದ್ವು. ಕಟ್ಟೆ ಹತ್ರ ಹೋಗಿ ಕೂಗಾಡಿದೆ. ಮಾರನೇ ದಿನದಿಂದ ಎಲ್ಲಾ ಹಸಿರು. ಆದ್ರೆ ಅಂಗನವಾಡಿಗೆ ಬಂದ ಮಕ್ಕಳ ಬಾಯಿ ವಾಸನೆ ಬರ್ತಿತ್ತು. ಮಂಜುನಾಥನ್ನ ಎತ್ಕೊಂಡ್ರೆ ಮುಖ ತಿರುಗಿಸೋ ಹಂಗಿತ್ತು. ಯಾರೋ ಸುಳ್ಳು ಹಸಿರು ಒತ್ತುತಾ ಅದಾರೆ ಅಂತ ಗೊತ್ತಾತು. ಕೇಳಿದ್ರೆ ನಿಜ ಹೇಳಿಬಿಡ್ತಾರೆ ಅಂತ ಕೇಳಲಿಲ್ಲ.” ಚೈತ್ರಾಳ ಕಡೆ ನೋಡಿ ಹೇಳಿದಳು, “ಈ ಕೂಸಿನ ಬಾಯಿಂದ ಒತ್ತುತಾ ಅದಾರೆ ಅಂತ ಮಾತ್ರ ಗೊತ್ತಿರಲಿಲ್ಲ.”

ನಾನು ಮಗುವಿನ ಬಾಯಿಯ ನೊರೆ ತೊಳೆದೆ. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅವಳು ಎದ್ದು ನೇರ ಡಾಕ್ಟರಮ್ಮನ ಕೋಣೆಗೆ ನಡೆದಳು. ಸಾಲಿನಲ್ಲಿದ್ದವರು ಗೊಣಗಿದರು, ಅವಳು ಕೇಳಿಸಿಕೊಳ್ಳಲಿಲ್ಲ. “ಮೇಡಂ, ನಾನು ಬೆಳಗ್ಗೆ ಹೇಳಿದ್ದು ತಪ್ಪು. ಈ ಕೂಸು ದಿನಕ್ಕೆ ಎರಡು ಸಲ ಉಜ್ಜಿಲ್ಲ. ಹದಿನೆಂಟು ಸಲ ಉಜ್ಜೈತೆ,” ಎಂದಳು. ನಡೆದದ್ದೆಲ್ಲ ಹೇಳಿದಳು. ವಾಸನೆಯ ಮಾತನ್ನೂ ಬಿಡಲಿಲ್ಲ. ಹೊದಿಸಲಿರುವ ಶಾಲಿನ ಮಾತನ್ನೂ.

ಡಾಕ್ಟರಮ್ಮ ಮಗುವನ್ನು ಮತ್ತೆ ಕರೆಸಿ ಟಾರ್ಚ್ ಹಾಕಿದರು. ಬ್ರಷ್ ತರಿಸಿ ನೋಡಿದರು. “ಆಗಿರಬಹುದು,” ಎಂದರು. “ಆದರೆ ರಕ್ತದ ವರದಿ ಬರೋವರೆಗೂ ನಾನು ಹಾಗಂತ ಹೇಳಲ್ಲ.”

ಮುಂದಿನ ಐವತ್ತು ನಿಮಿಷ ನಮ್ಮ ಮೂವರಿಗೂ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಈಗ ಆಸೆಯೊಂದು ಹುಟ್ಟಿತ್ತಲ್ಲ, ಆಸೆ ಇಲ್ಲದಾಗಿನ ಹೆದರಿಕೆಗಿಂತ ಅದು ಕಷ್ಟ. ಬ್ರಷ್ಷಿನಿಂದಲೇ ಆಗಿರಲಿ ತಾಯಿ, ಬ್ರಷ್ಷಿನಿಂದಲೇ ಆಗಿರಲಿ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ರುದ್ರಾಣಿಗೆ ವಿಷಯ ಹೇಳಿದ್ದು ದುರುಗಕ್ಕನೇ. ರುದ್ರಾಣಿ ಅವಳನ್ನು ಬೈಯಲಿಲ್ಲ, ನೋಡಲೂ ಇಲ್ಲ. ಮಗಳನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡು ಮುಖ ತಿರುಗಿಸಿದಳು. ಬೈದಿದ್ದರೆ ದುರುಗಕ್ಕನಿಗೆ ಹಗುರವಾಗುತ್ತಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹೆಸರು ಕೂಗಿದರು. ಡಾಕ್ಟರಮ್ಮ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಅಷ್ಟು ನಿಧಾನವಾಗಿ ಓದುವುದಿದೆಯೇ ಎಂದು ನನಗೆ ಅನ್ನಿಸಿತು.

“ಪ್ಲೇಟ್‌ಲೆಟ್ ಸರಿಯಾಗಿವೆ. ಉಳಿದ ಕಣಗಳೂ ಸರಿ ಇವೆ. ರಕ್ತದಲ್ಲಿ ಏನೂ ದೋಷ ಇಲ್ಲ. ವಸಡು ಉಜ್ಜಿ ಉಜ್ಜಿ ಗಾಯ ಆಗಿದೆ, ಅಷ್ಟೇ.”

ರುದ್ರಾಣಿ ಆಗ ಅತ್ತಳು. ಬೆಳಗಿನಿಂದ ಕಟ್ಟಿಟ್ಟದ್ದನ್ನೆಲ್ಲ ಅಲ್ಲೇ ಡಾಕ್ಟರ ಮೇಜಿನ ಅಂಚು ಹಿಡಿದು ಅತ್ತಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ. ಡಾಕ್ಟರಮ್ಮ ನಮಗೆ ಎರಡು ನಿಮಿಷ ಕೊಟ್ಟು, ಆಮೇಲೆ ಹೇಳಿದರು: ಹತ್ತು ದಿನ ಬ್ರಷ್ ಮುಟ್ಟುವಂತಿಲ್ಲ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ಹತ್ತು ದಿನದ ಮೇಲೆ ಮೆತ್ತನೆಯ ಬ್ರಷ್, ದಿನಕ್ಕೆ ಎರಡೇ ಸಲ.

ಎಲ್ಲರ ಜೀವ ಮರಳಿ ಬಂದಿದ್ದ ಆ ಹೊತ್ತಿನಲ್ಲಿ ಅಳಲು ಶುರುಮಾಡಿದವಳು ಚೈತ್ರಾ. “ಹತ್ತು ದಿನ ನನ್ನ ಗಿಳಿಗೆ ಯಾರು ಹಣ್ಣು ಕೊಡ್ತಾರೆ?”

ರುದ್ರಾಣಿ ಅವಳನ್ನು ಎತ್ತಿಕೊಂಡು ಹೊರಗೆ ನಡೆದಳು.

ಆಸ್ಪತ್ರೆಯ ಗೇಟಿನ ಬಳಿ ನಿಂತು ದುರುಗಕ್ಕ ಸಂಸ್ಥೆಯ ಮಹಾಂತೇಶ್‌ಗೆ ಫೋನ್ ಮಾಡಿದಳು. “ನಮ್ಮ ಕೇರಿ ಎಂಟು ಮಕ್ಕಳ ಹತ್ತೊಂಬತ್ತು ದಿನದ ಹಸಿರು ಸುಳ್ಳು ಸಾರ್. ಅಳಿಸಿ ಸೊನ್ನೆ ಹಾಕ್ರಿ,” ಎಂದಳು. ಶನಿವಾರ ಮುಗಿಯಲಿ, ಆಮೇಲೆ ನೋಡೋಣ ಎಂದು ಆತ ಹೇಳಿದ್ದು ನನಗೂ ಕೇಳಿಸಿತು. ಅವಳು, “ಶನಿವಾರ ಬರ್ರಿ, ಬೇಡ ಅನ್ನಲ್ಲ. ಬಂದ್ರೆ ಕ್ಯಾಮೆರಾ ಮುಂದೆ ಇದನ್ನೇ ಹೇಳ್ತೀನಿ,” ಎಂದು ಇಟ್ಟುಬಿಟ್ಟಳು. ಅವರು ಬರಲಿಲ್ಲ.

ಅಂದು ಸಂಜೆ ಅವಳು ಎಂಟು ಮನೆಗಳಿಗೂ ಹೋದಳು. ಏನು ಹೇಳಿದಳೋ, ಬೈದಳೋ ಬೈಸಿಕೊಂಡಳೋ ನನಗೆ ತಿಳಿಯದು. ಶುಕ್ರವಾರ ಬೆಳಗ್ಗೆ ಐದೂಮುಕ್ಕಾಲಿಗೆ ಬೀದಿಯಲ್ಲಿ ಸದ್ದಾಗಿ ಎದ್ದುಹೋಗಿ ನೋಡಿದರೆ ಅವಳು ಒಂದು ಮಗುವನ್ನು ಕಂಕುಳಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ರುದ್ರಾಣಿಯ ಕಟ್ಟೆಗೆ ಬರುತ್ತಿದ್ದಳು. ಟೆಂಪೊ ಹತ್ತುವ ತಾಯಂದಿರು ಉಳಿದವರನ್ನು ತಂದು ಬಿಟ್ಟರು. ನಿದ್ದೆಗಣ್ಣಿನ ಎಂಟು ಮಕ್ಕಳು, ಎಂಟು ಬ್ರಷ್. ಒಬ್ಬೊಬ್ಬರೇ ತಮ್ಮ ತಮ್ಮ ಗಿಳಿಯ ಮುಂದೆ ನಿಂತು, ತಮ್ಮ ತಮ್ಮ ಹಲ್ಲನ್ನೇ ಉಜ್ಜಿದರು. ಮಂಜುನಾಥ ಅರ್ಧಕ್ಕೆ ಬಿಟ್ಟು ಓಡಿದ. ಅವನ ಗಿಳಿ ಅತ್ತಿತು. ದುರುಗಕ್ಕ ಅದನ್ನು ಅಳಲು ಬಿಟ್ಟಳು.

ಚೈತ್ರಾ ಉಪ್ಪುನೀರಿನ ಲೋಟ ಹಿಡಿದು ಅಜ್ಜಿಯ ಪಕ್ಕ ಕೂತಿದ್ದಳು. ಹಳದಿ ಗಿಳಿ ರೆಕ್ಕೆ ಇಳಿಬಿಟ್ಟಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ನಾನು ಮಾಡ್ಲಾ ಅದರದು?” ಎಂದು ಮೇಘಶ್ರೀ ಬ್ರಷ್ ಎತ್ತಿದಳು.

“ಬೇಡ,” ಎಂದಳು ದುರುಗಕ್ಕ. “ಮಕ್ಕಳ ಮುಯ್ಯಿ ಅಲ್ಲ ಇದು. ಮಾಡಿಸಿದೋಳು ನಾನು, ತೀರಿಸೋಳೂ ನಾನೇ.”

ಸೊಂಟದಿಂದ ಹೊಸ ಬ್ರಷ್ ಒಂದನ್ನು ತೆಗೆದಳು. ಇನ್ನೂ ಕಾಗದ ಬಿಚ್ಚಿರಲಿಲ್ಲ. ಹಳದಿ ಗಿಳಿಯನ್ನು ಒತ್ತಿದಳು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರದ ಕೆಲಸ ಮಾಡಿದಳು. ಬಾಯಿಯ ಮೇಲಿದ್ದ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಎಂಟು ಮಕ್ಕಳ ಎದುರು, ರುದ್ರಾಣಿಯ ಎದುರು, ನನ್ನ ಎದುರು ಹಲ್ಲು ಬಿಟ್ಟಳು.

“ಟೀಚರ್ ಹಲ್ಲು ಕರ್ರಗೈತೆ,” ಎಂದಿತು ಒಂದು ಮಗು. ಅವಳು ಉಜ್ಜುತ್ತಲೇ ಇದ್ದಳು. ನಶ್ಯ ತಿಂದ ವಸಡು, ಅರ್ಧ ನಿಮಿಷಕ್ಕೇ ನೊರೆ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ರುದ್ರಾಣಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ದುರುಗಕ್ಕನ ಪಕ್ಕ ಇಟ್ಟಳು.

ಚೈತ್ರಾ ಲೋಟ ಕೆಳಗಿಟ್ಟು ಎದ್ದು ಬಂದಳು. ದುರುಗಕ್ಕನ ಮೊಣಕೈ ಹಿಡಿದಳು.

“ಮೆಲ್ಲಗೆ ಉಜ್ಜ್ರಿ ಟೀಚರ್,” ಎಂದಳು. “ಜೋರಾಗಿ ಉಜ್ಜಿದ್ರೆ ನೋವಾಗ್ತೈತೆ. ನನಗೆ ಗೊತ್ತು.”